ಮೆಟ್ಟಿಲ ಮೇಲೆ ನಿಂತ ತಮ್ಮ

ಅವಳನ್ನು ಅತ್ತಿಗೆ ಎಂದು ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಒಬ್ಬಳಿಗೇ, ಗಂಡನ ತಂಗಿಗೆ. ಆ ನಾದಿನಿ ಅವಳ ಸಲೂನಿನಲ್ಲೇ ಕೆಲಸಕ್ಕೆ ಸೇರಿಕೊಂಡು, ಬೆಳಗಿನಿಂದ ಸಂಜೆಯವರೆಗೆ "ಅತ್ತಿಗೇ, ಟವೆಲ್ ಎಲ್ಲಿ? ಅತ್ತಿಗೇ, ಡೈ ಮುಗೀತು! ಅತ್ತಿಗೇ, ಇವರಿಗೆ ಮುಂದೆ ಎಷ್ಟು ಬಿಡ್ಲಿ?" ಎಂದು ಗಂಟಲು ಹರಿದುಕೊಂಡು ಕೂಗಿ ಕೂಗಿ, ಗಿರಾಕಿಗಳ ಬಾಯಿಗೂ ಅದೇ ಹೆಸರು ಹತ್ತಿಸಿಬಿಟ್ಟಳು. ಈಗ ತಂದೆಯ ವಯಸ್ಸಿನವರೂ ಅತ್ತಿಗೆ ಅನ್ನುತ್ತಾರೆ, ಶಾಲೆಗೆ ಹೋಗುವ ಮಕ್ಕಳೂ ಅತ್ತಿಗೆ ಅನ್ನುತ್ತಾರೆ. ಗಂಡನೇ ಒಮ್ಮೆ ಬಾಯಿ ತಪ್ಪಿ ಹಾಗೆ ಕರೆದು, ಆ ದಿನವೆಲ್ಲ ತೆಪ್ಪಗೆ ಊಟ ಮಾಡಿದ್ದ.

ಸಲೂನ್ ಎಂದರೆ ಭಾರಿ ಏನಲ್ಲ. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಹಿಂದೆ ತಲೆ ತೊಳೆಯಲು ಒಂದು ಸಿಂಕು, ಕಾಯುವವರಿಗೆ ಒಂದು ಬೆಂಚು. ಗಂಡಸರು ಹೆಂಗಸರು ಎಂಬ ಭೇದವಿಲ್ಲ. ತಲೆಯಲ್ಲಿ ಕೂದಲಿದ್ದವರು ಕತ್ತರಿಸಿಕೊಳ್ಳಲು ಬರುತ್ತಾರೆ, ಇಲ್ಲದವರು ಹರಟೆಗೆ ಬರುತ್ತಾರೆ. ಅತ್ತಿಗೆಯ ಕೈ ಚುರುಕು, ಕಣ್ಣು ಇನ್ನೂ ಚುರುಕು. ಅದರ ಬಗ್ಗೆ ಯಾರಿಗೂ ತಕರಾರಿಲ್ಲ, ನಮಗೂ ಇಲ್ಲ. ನಾವು ಇಲ್ಲಿ ಹೇಳಹೊರಟಿರುವುದು ಬೇರೆ. ಈ ಅತ್ತಿಗೆ ಕಥೆ ಬರೆಯುತ್ತಾಳೆ.

ಯಾವಾಗ ಬರೆಯುತ್ತಾಳೆ ಎಂದು ಕೇಳಿದರೆ ನಗು ಬರಬೇಕು. ಗಂಡ ಲಿಫ್ಟ್ ರಿಪೇರಿಯವನು. ಎಲ್ಲೋ ಯಾರೋ ಲಿಫ್ಟಿನೊಳಗೆ ಸಿಕ್ಕಿಬಿದ್ದರು ಎಂದು ಫೋನ್ ಬಂದರೆ ತಟ್ಟೆಯ ಮುಂದಿನಿಂದ ಎದ್ದು ಓಡುತ್ತಾನೆ. ಮಕ್ಕಳಿಬ್ಬರಿಗೆ ಶಾಲೆಗೆ ಹೊರಡುವ ಹೊತ್ತಿಗೇ ಕಾಲುಚೀಲ ಕಳೆದುಹೋಗಬೇಕು. ಅಡುಗೆ, ಡಬ್ಬಿ, ಒಗೆಯುವುದು, ಅಂಗಡಿಯ ಬಾಗಿಲು ತೆಗೆಯುವುದು, ಸಂಜೆ ಮನೆಗೆ ಬಂದು ಮತ್ತೆ ಅದೇ. ಇಷ್ಟರ ನಡುವೆ ಪುರುಸೊತ್ತು ಸಿಕ್ಕಮೇಲೆ ಬರೆಯುತ್ತೇನೆ ಎನ್ನುವವರು ಈ ಜನ್ಮದಲ್ಲಿ ಬರೆಯುವುದಿಲ್ಲ, ಬೇಕಾದರೆ ಪಣ ಕಟ್ಟಿ. ಅತ್ತಿಗೆ ಪುರುಸೊತ್ತಿಗೆ ಕಾದವಳಲ್ಲ. ತಲೆಗೆ ಡೈ ಹಚ್ಚಿದ ಮೇಲೆ ಬಣ್ಣ ಹಿಡಿಯುವವರೆಗೆ ಬಿಡಬೇಕಲ್ಲ, ಆ ಹೊತ್ತು ಅವಳದು. ಗಿರಾಕಿ ಕರಿ ತಲೆ ಹೊತ್ತು ಬೆಂಚಿನ ಮೇಲೆ ಕೂತಿದ್ದರೆ ಅವಳು ಸಿಂಕಿನ ಪಕ್ಕ ನಿಂತು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆಯುತ್ತಾಳೆ. ಬಾಯಲ್ಲಿ ಗೊಣಗಿಕೊಂಡೇ ಬರೆಯುವುದು ಅವಳ ಅಭ್ಯಾಸ. ಹಾಳೆಯ ತುಂಬ ಕೂದಲ ಚೂರು, ಅಲ್ಲಲ್ಲಿ ಡೈಯಿನ ಹೆಬ್ಬೆಟ್ಟು.

ಬರೆದದ್ದು ಚೆನ್ನಾಗಿದೆಯೋ ಇಲ್ಲವೋ ನೋಡಲು ಅವಳದೇ ಒಂದು ಉಪಾಯವಿತ್ತು. ಕತ್ತರಿ ಕೈಯಲ್ಲಿದ್ದಾಗ ಕೆಳಗಿರುವ ತಲೆ ಎಲ್ಲಿಗೆ ಓಡಿಹೋದೀತು? ಅದಕ್ಕೇ ಕಥೆ ಹೇಳುವುದು. ಗದ್ದ ಎದೆಗಿಳಿದು ಗೊರಕೆ ಶುರುವಾದರೆ ಕಥೆಯ ಆ ಭಾಗಕ್ಕೆ ಕತ್ತರಿ. "ಆಮೇಲೆ?" ಎಂದು ತಲೆ ಗಕ್ಕನೆ ತಿರುಗಿದರೆ ಆ ಸಾಲು ಉಳಿಯಿತು. ಒಬ್ಬರ ಕಿವಿಯ ಮೇಲಿನ ಕೂದಲು ವಾರೆಯಾದದ್ದು ಹೀಗೆ. ಆ ಮನುಷ್ಯ ತಿಂಗಳು ಪೂರ್ತಿ ಟೋಪಿ ಹಾಕಿಕೊಂಡು ಓಡಾಡಿದ, ಅತ್ತಿಗೆ ತಿಂಗಳು ಪೂರ್ತಿ ಒಳಗೊಳಗೇ ಬೀಗಿದಳು.

ಇಷ್ಟೆಲ್ಲ ಸರಿ. ಆದರೆ ಅವಳ ಕಥೆಗಳಿಗೆ ಒಂದು ಶನಿ ಅಂಟಿಕೊಂಡಿತ್ತು. ಒಂದಕ್ಕೂ ಕೊನೆ ಇರಲಿಲ್ಲ. ಶುರು ಜೋರು, ನಡುವೆ ಜೋರು, ಕೊನೆ ಬಂದಾಗ ಕೈ ಎತ್ತಿಬಿಡುವುದು. ಬೀದಿಯ ತುದಿಯಲ್ಲಿದ್ದ ಲೈಬ್ರರಿಯಲ್ಲಿ ವರ್ಷಕ್ಕೊಂದು ಸಂಜೆ ಊರಿನವರು ತಾವು ಬರೆದದ್ದನ್ನು ನಿಂತು ಓದುತ್ತಾರೆ. ಅತ್ತಿಗೆ ಹೋದ ವರ್ಷವೂ ಹೆಸರು ಕೊಟ್ಟಿದ್ದಳು, ಅದರ ಹಿಂದಿನ ವರ್ಷವೂ ಕೊಟ್ಟಿದ್ದಳು. ಎರಡು ಸಲವೂ ಕೊನೆಯ ಘಳಿಗೆಯಲ್ಲಿ ಮಗುವಿಗೆ ಜ್ವರ ಬಂತು. ಮಗು ಆ ಹೊತ್ತಿಗೆ ಬೀದಿಯಲ್ಲಿ ಸೈಕಲ್ ಹೊಡೆಯುತ್ತಿದ್ದುದನ್ನು ಲೈಬ್ರರಿಯನ್ ಕಣ್ಣಾರೆ ನೋಡಿದ್ದರು. ಈ ವರ್ಷ ಅವರು ತಲೆ ಕತ್ತರಿಸಿಕೊಳ್ಳಲು ಬಂದಾಗ ಕನ್ನಡಿಯಲ್ಲೇ ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಓದೋಕೆ ಜನ ಸರದಿಯಲ್ಲಿ ಕಾಯ್ತಿದ್ದಾರೆ. ಈ ಸಲನೂ ಕೈ ಕೊಟ್ರೆ ಇನ್ನು ನಿಮ್ಮ ಹೆಸರು ನಾನು ಬರ್ಕೊಳ್ಳಲ್ಲ."

"ಬರ್ತೀನಿ ಸಾರ್. ಕೊನೆ ಸಮೇತ ಬರ್ತೀನಿ," ಎಂದಳು ಅತ್ತಿಗೆ. ಇದು ತಪ್ಪಿದರೆ ಮತ್ತೆ ತನ್ನ ಮೇಲೆ ತನಗೇ ನಂಬಿಕೆ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕೊನೆ ಇಲ್ಲದ ಕಥೆ ಹೇಳುವವಳನ್ನು ಯಾರಾದರೂ ಕಥೆಗಾರ್ತಿ ಅನ್ನುತ್ತಾರೆಯೇ? ಬಾಯಿಬಡಕಿ ಅನ್ನುತ್ತಾರೆ.

ಈ ಸಲದ ಕಥೆ ಅಣ್ಣ ತಮ್ಮಂದಿರದು. ಒಂದೇ ಮನೆ. ಕೆಳಗೆ ಅಣ್ಣ, ಮೇಲೆ ತಮ್ಮ, ನಡುವೆ ಒಂದು ಮೆಟ್ಟಿಲ ಸಾಲು. ಅಪ್ಪನ ಕೊನೆಯ ದಿನ, ಬಸ್ ಕಂಡಕ್ಟರ್ ಆಗಿದ್ದ ತಮ್ಮ ಡ್ಯೂಟಿ ಬಿಟ್ಟು ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲಲ್ಲಿ ನಿಂತಿದ್ದ ಅಣ್ಣ "ಈಗ ಬಿಡುವಾಯ್ತಾ?" ಎಂದ. ಅಷ್ಟೇ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ವರ್ಷಗಟ್ಟಲೆ ಇಲ್ಲ. ಆದರೆ ದಿನಾ ಬೆಳಿಗ್ಗೆ ಕೆಳಗೆ ಅಣ್ಣ ಕೆಮ್ಮುವುದು ಮೇಲಿರುವ ತಮ್ಮನಿಗೆ ಕೇಳಿಸುತ್ತದೆ. ಒಂದು ಬೆಳಿಗ್ಗೆ ಕೆಮ್ಮು ಕೇಳಿಸಲಿಲ್ಲ. ತಮ್ಮ ಹಾಸಿಗೆಯಲ್ಲೇ ಕಿವಿಗೊಟ್ಟು ಕಾದ, ಕಾದ, ಕೊನೆಗೆ ಬಾಗಿಲು ತೆರೆದು ಹೊರಗೆ ಬಂದ, ಮೆಟ್ಟಿಲಿಳಿಯತೊಡಗಿ ನಡುವೆ ನಿಂತುಬಿಟ್ಟ.

ಅಲ್ಲಿಗೆ ಅತ್ತಿಗೆಯೂ ನಿಂತುಬಿಟ್ಟಳು. ತಮ್ಮ ಮುಂದಕ್ಕೂ ಹೋಗ, ಹಿಂದಕ್ಕೂ ಹೋಗ. ಅವಳು ತರಕಾರಿ ಹೆಚ್ಚುವಾಗ ಅವನು ಮೆಟ್ಟಿಲ ಮೇಲೆ ನಿಂತಿದ್ದಾನೆ, ಮಗಳ ಜಡೆ ಹೆಣೆಯುವಾಗ ನಿಂತಿದ್ದಾನೆ, ಗಂಡ ಏನೋ ಕೇಳುವಾಗ ನಿಂತಿದ್ದಾನೆ. "ಏನೇ, ಎಲ್ಲಿದ್ದೀಯ?" ಎಂದು ಗಂಡ ಕೇಳಿದರೆ "ಮೆಟ್ಟಿಲ ಮೇಲೆ" ಎಂದುಬಿಟ್ಟಳು ಒಂದು ದಿನ. ಅವನು ಲಿಫ್ಟ್ ರಿಪೇರಿಯವನಲ್ಲವೇ, "ನನ್ನ ಹೊಟ್ಟೆ ಮೇಲೆ ಹೊಡೀಬೇಡ ಮಾರಾಯ್ತಿ, ಲಿಫ್ಟಲ್ಲಿ ಬಾ" ಎಂದು ಕಾಲೆಳೆದ.

ಈಗ ಅವಳು ಮಾಡಿದ ತಪ್ಪು ಕೇಳಿ. ಇಂಥ ತಪ್ಪು ಕತ್ತರಿ ಹಿಡಿದವರು ಮಾತ್ರ ಮಾಡಲು ಸಾಧ್ಯ. ಕೊನೆ ಗೊತ್ತಿಲ್ಲದಿದ್ದರೂ ಕಥೆ ಹೇಳುವುದನ್ನು ಅವಳು ಬಿಡಲಿಲ್ಲ. ಮೆಟ್ಟಿಲವರೆಗೆ ಹೇಳುವುದು, ಕನ್ನಡಿಯಲ್ಲಿ ಗಿರಾಕಿಯ ಮುಖ ನೋಡುವುದು, ಆ ಮುಖಕ್ಕೆ ಒಪ್ಪುವ ಕೊನೆಯನ್ನು ಅಲ್ಲೇ ನಿಂತಲ್ಲೇ ಹೊಲಿದುಕೊಡುವುದು. ಮುಖ ನೋಡಿ ಕೂದಲು ಬಿಡುವ ಕೈಗೆ ಇದೇನು ಮಹಾ?

ರೈಲು ಓಡಿಸಿ ನಿವೃತ್ತರಾದ ಇಂಜಿನ್ ಅಜ್ಜನಿಗೆ ಅವಳು ಹೇಳಿದ ಕೊನೆಯಲ್ಲಿ ತಮ್ಮ ಧಡಧಡ ಇಳಿದುಬಂದು ಬಾಗಿಲು ತಟ್ಟಿದ, ಅಣ್ಣ ತಬ್ಬಿಕೊಂಡ, ಇಬ್ಬರೂ ಗೊಳೋ ಎಂದು ಅತ್ತರು. ಅಜ್ಜನೂ ಅತ್ತರು, ಮೈಗೆ ಹೊದಿಸಿದ್ದ ಬಟ್ಟೆಯಲ್ಲೇ ಮೂಗು ಒರೆಸಿಕೊಂಡರು. ಶಾಲೆಯ ಹೆಡ್ ಮೇಡಂಗೆ ಅಂಥ ಸಿಹಿ ಒಗ್ಗುವುದಿಲ್ಲ. ಅವರಿಗೆ ಹೇಳಿದ ಕೊನೆಯಲ್ಲಿ ತಮ್ಮ ತಡವಾಗಿ ಇಳಿದ, ಅಣ್ಣ ತಣ್ಣಗಾಗಿದ್ದ. "ಸರಿಯಾಗಿದೆ. ಜನಕ್ಕೆ ಬುದ್ಧಿ ಬರಬೇಕು," ಎಂದು ಮೇಡಂ ತೃಪ್ತಿಯಿಂದ ತಲೆದೂಗಿದರು. ಎದುರು ಸಾಲಿನ ಔಷಧಿ ಅಂಗಡಿಯವನಿಗೆ ಹೇಳಿದ್ದರಲ್ಲಿ, ಅಣ್ಣ ಹಿಂದಿನ ದಿನ ಒಳ್ಳೆಯ ಅಂಗಡಿಯಿಂದ ಒಳ್ಳೆಯ ಕೆಮ್ಮಿನ ಔಷಧಿ ತಂದು ಕುಡಿದಿದ್ದ, ಅದಕ್ಕೇ ಕೆಮ್ಮು ನಿಂತಿತ್ತು. ಔಷಧಿ ಅಂಗಡಿಯವನು ಅಂಥ ಕಥೆಯನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲವಂತೆ.

ಎಲ್ಲರೂ ಖುಷಿಯಾಗಿ ತಲೆ ಹಗುರ ಮಾಡಿಕೊಂಡು ಹೋದರು. ಅತ್ತಿಗೆಯ ತಲೆ ಮಾತ್ರ ದಿನದಿನಕ್ಕೆ ಭಾರವಾಯಿತು. ಹೇಳಿದ್ದನ್ನೆಲ್ಲ ಬರೆದೂ ಇಟ್ಟಿದ್ದಳು. ಒಂದು ಹಾಳೆಯಲ್ಲಿ ಅಣ್ಣ ಬದುಕಿದ್ದ, ಇನ್ನೊಂದರಲ್ಲಿ ಸತ್ತಿದ್ದ, ಮೂರನೆಯದರಲ್ಲಿ ಔಷಧಿ ಕುಡಿದು ಆರಾಮಾಗಿ ಮಲಗಿದ್ದ.

ಓದುವ ಸಂಜೆ ಭಾನುವಾರವಿತ್ತು. ಅದರ ಹಿಂದಿನ ಶನಿವಾರ ಸಲೂನಿನಲ್ಲಿ ಕಾಲಿಡಲು ಜಾಗವಿಲ್ಲ. ಒಂದು ಕುರ್ಚಿಯಲ್ಲಿ ಇಂಜಿನ್ ಅಜ್ಜ, ಮೀಸೆಯ ಒಂದು ಬದಿ ಮಾತ್ರ ಟ್ರಿಮ್ ಆಗಿತ್ತು. ಇನ್ನೊಂದರಲ್ಲಿ ಹೆಡ್ ಮೇಡಂ, ತಲೆ ತುಂಬ ಡೈ. ಬೆಂಚಿನ ಮೇಲೆ ಔಷಧಿ ಅಂಗಡಿಯವನು, ಅವನ ಪಕ್ಕ ಇನ್ನಷ್ಟು ಜನ. ಅಜ್ಜ ಸುಮ್ಮನಿರಲಾರದೆ ಬಾಯಿ ತೆಗೆದರು.

"ನಾಳೆ ಅತ್ತಿಗೆ ಕಥೆ ಓದ್ತಾಳೆ ಗೊತ್ತೇನ್ರಿ? ಕರ್ಚೀಫ್ ತಗೊಂಡ್ಬನ್ನಿ ಎಲ್ರೂ. ಆ ಅಣ್ಣ ತಮ್ಮ ತಬ್ಬಿಕೊಳ್ಳೋವಾಗ ನನ್ನ ಕೈಲಿ ತಡ್ಕೊಳ್ಳೋಕಾಗ್ಲಿಲ್ಲ."

"ತಬ್ಬಿಕೊಳ್ಳೋದಾ?" ಹೆಡ್ ಮೇಡಂ ಹುಬ್ಬೇರಿಸಿದರು. "ಸತ್ತವನನ್ನ ಹೇಗೆ ತಬ್ಬಿಕೊಂಡ?"

"ಯಾರು ಸತ್ತಿದ್ದು?"

"ಅಣ್ಣ."

"ಬಿಡ್ತು ಅನ್ನಿ ಮೇಡಂ! ಗಟ್ಟಿಮುಟ್ಟಾಗಿದ್ದಾನೆ ಅವನು. ನಾನು ನನ್ನ ಕಿವಿಯಾರೆ ಕೇಳಿದ್ದೀನಿ."

"ಇಬ್ರೂ ತಪ್ಪು," ಎಂದು ಔಷಧಿ ಅಂಗಡಿಯವನು ಎದ್ದು ನಿಂತ. "ಅವನು ಔಷಧಿ ಕುಡ್ದು ಮಲಗಿದ್ದಾನೆ ಕಣ್ರೀ. ವಾಸಿಯಾಗಿದೆ."

ಒಂದು ಕ್ಷಣ ಎಲ್ಲರೂ ಬೆಪ್ಪಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲ ಕಣ್ಣುಗಳೂ ಕನ್ನಡಿಯ ಮೂಲಕ ಅತ್ತಿಗೆಯ ಕಡೆ ತಿರುಗಿದವು. ಕತ್ತರಿ ಹಿಡಿದ ಅವಳ ಕೈ ಗಾಳಿಯಲ್ಲೇ ನಿಂತಿತು. ನೆಲ ಬಾಯ್ದೆರೆದು ತನ್ನನ್ನು ನುಂಗಬಾರದೇ ಅನ್ನಿಸಿತು ಅವಳಿಗೆ.

"ಅಂದ್ರೆ ಏನಮ್ಮಾ," ಎಂದರು ಅಜ್ಜ. ಅರ್ಧ ಮೀಸೆಯಲ್ಲಿ ಅವರ ಸಿಟ್ಟು ಸ್ವಲ್ಪ ವಿಚಿತ್ರವಾಗಿ ಕಾಣುತ್ತಿತ್ತು. "ನನಗೊಂದು ಹೇಳಿ, ಅವರಿಗೊಂದು ಹೇಳಿ, ಇವನಿಗೊಂದು ಹೇಳಿದ್ಯಾ? ನಾನು ಅತ್ತಿದ್ದು ಹಾಗಾದ್ರೆ ಯಾತಕ್ಕೆ?"

"ನಿಜವಾದ ಕೊನೆ ಯಾವುದು? ಅದನ್ನ ಹೇಳಿ ಸಾಕು," ಎಂದರು ಹೆಡ್ ಮೇಡಂ, ತರಗತಿಯಲ್ಲಿ ಕೇಳುವಂತೆ.

"ಇಲ್ಲ ಮೇಡಂ," ಎಂದಳು ಅತ್ತಿಗೆ. "ನಿಜವಾದ ಕೊನೆ ಇನ್ನೂ ಇಲ್ಲ. ನಂಗೊತ್ತಿಲ್ಲ."

ಸಲೂನಿನಲ್ಲಿ ಗದ್ದಲವೋ ಗದ್ದಲ. ನಾಳೆ ಓದಬೇಕು, ಇವತ್ತು ಕೊನೆ ಇಲ್ಲ ಎಂದರೆ ಏನರ್ಥ! ಒಬ್ಬೊಬ್ಬರೂ ತಮ್ಮ ಕೊನೆಯೇ ಸರಿ ಎಂದು ವಾದಕ್ಕಿಳಿದರು. ಕೊನೆಗೆ ಅಜ್ಜನೇ ದಾರಿ ತೋರಿಸಿದರು. "ಕೈ ಎತ್ತಿಸೋಣ. ಯಾವುದಕ್ಕೆ ಜಾಸ್ತಿ ಕೈಯೋ ಅದೇ ಕೊನೆ." ಹೊದಿಸಿದ್ದ ಬಟ್ಟೆಗಳ ಕೆಳಗಿನಿಂದ ಕೈಗಳು ಮೇಲೆದ್ದವು. ತಬ್ಬಿಕೊಳ್ಳುವ ಕೊನೆ ಗೆದ್ದಿತು. ಔಷಧಿಗೆ ಒಂದೇ ಕೈ, ಯಾರದು ಎಂದು ಹೇಳಬೇಕಾಗಿಲ್ಲ. ಹೆಡ್ ಮೇಡಂ ಮುಖ ಗಂಟಿಕ್ಕಿಕೊಂಡೇ ತಲೆ ತೊಳೆಸಿಕೊಂಡರು. ಹೋಗುವಾಗ ಅಜ್ಜ ಅತ್ತಿಗೆಯ ತಲೆಯ ಮೇಲೆ ಕೈಯಿಟ್ಟು "ತಲೆ ಕೆಡಿಸ್ಕೋಬೇಡ. ಮುಗೀತಲ್ಲ, ಬರ್ದುಬಿಡು," ಎಂದರು.

"ಸರಿ ಅಜ್ಜ," ಎಂದಳು ಅತ್ತಿಗೆ.

ಸಂಜೆ ಜನವೆಲ್ಲ ಕರಗಿದ ಮೇಲೆ ಅತ್ತಿಗೆ ಪೊರಕೆ ಹಿಡಿದಳು. ಕರಿ, ಬಿಳಿ, ಕಂದು ಎಲ್ಲ ಕೂದಲೂ ಒಂದೇ ಗುಡ್ಡೆಯಾಯಿತು. ನಾದಿನಿ ಟವೆಲುಗಳನ್ನು ಬಕೆಟ್ಟಿಗೆ ತುಂಬುತ್ತ, ತನಗೆ ತಾನೇ ಹೇಳಿಕೊಳ್ಳುವಂತೆ ಕೇಳಿದಳು.

"ಅಜ್ಜನಿಗೆ ಅದು ಬೇಕು, ಮೇಡಂಗೆ ಇದು ಬೇಕು. ಅತ್ತಿಗೆ, ನಿಮಗೇನು ಬೇಕು? ಆ ತಮ್ಮ ಏನ್ ಮಾಡ್ಬೇಕು ಅಂತ ನಿಮ್ಮಾಸೆ?"

ಅತ್ತಿಗೆಯ ಕೈಯ ಪೊರಕೆ ನಿಂತಿತು, ಅದನ್ನು ಅವಳು ತನ್ನನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅವಳ ಕಣ್ಣಲ್ಲಿ ಥಟ್ಟನೆ ನೀರು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು, ಸಿಟ್ಟು ಬೇರೆ ಯಾರ ಮೇಲೂ ಅಲ್ಲ. ಬೆಳಗ್ಗೆ ಎದ್ದರೆ ಮಕ್ಕಳಿಗೆ "ಡಬ್ಬಿಗೆ ಏನ್ ಬೇಕು?" ಅಂಗಡಿಗೆ ಬಂದರೆ "ಎಷ್ಟು ಕತ್ತರಿಸಲಿ? ಮುಂದೆ ಹೇಗಿರಲಿ?" ಮನೆಗೆ ಹೋದರೆ "ರೀ, ನಿಮಗೇನು ಮಾಡ್ಲಿ?" ಇಡೀ ದಿನ ಅವಳ ಬಾಯಲ್ಲಿ ಅದೊಂದೇ ಪ್ರಶ್ನೆ. ಅದು ತಪ್ಪು ಅಂತಲ್ಲ, ಅದು ಅವಳ ಕೆಲಸ, ಅವಳ ಪ್ರೀತಿಯೂ ಹೌದು. ಆದರೆ ಅವಳು ಕ್ಯಾಲೆಂಡರ್ ಹಾಳೆ ತಿರುಗಿಸಿ ಮೊದಲ ಸಾಲು ಬರೆದದ್ದೇ ಆ ಪ್ರಶ್ನೆಯಿಂದ ಒಂದಿಷ್ಟು ಹೊತ್ತು ತಪ್ಪಿಸಿಕೊಳ್ಳಲು. ಯಾರನ್ನೂ ಕೇಳದೆ ಬಾಗಿಲು ತೆರೆಯಬಹುದಾದ, ಮುಚ್ಚಬಹುದಾದ ಒಂದು ಮನೆ ಅದು. ಅಲ್ಲಿಗೂ ಹೋಗಿ ಕುರ್ಚಿ ಹಾಕಿ, ಬಟ್ಟೆ ಹೊದಿಸಿ, ನಿಮಗೆ ಹೇಗೆ ಬೇಕು ಎಂದು ಕೇಳುತ್ತ ನಿಂತಿದ್ದಳಲ್ಲ!

"ಏನಾಯ್ತು ಅತ್ತಿಗೆ? ನಾನೇನಾದ್ರೂ ತಪ್ಪು ಕೇಳಿದ್ನಾ?" ನಾದಿನಿ ಹೆದರಿದಳು.

"ಇಲ್ವೇ. ನಾಳೆ ಬೆಳಿಗ್ಗೆ ಅಂಗಡಿಗೆ ನಾನೊಬ್ಬಳೇ ಬರ್ತೀನಿ, ನೀನು ಬರ್ಬೇಡ," ಎಂದಳು ಅತ್ತಿಗೆ.

ಭಾನುವಾರ ಅಂಗಡಿಗೆ ರಜೆ. ಗಂಡನಿಗೆ ಮಕ್ಕಳನ್ನು ಒಪ್ಪಿಸಿ, "ಲಿಫ್ಟ್ ನಿಂತ್ರೂ ಸರಿ, ಪ್ರಪಂಚ ನಿಂತ್ರೂ ಸರಿ, ಮಧ್ಯಾಹ್ನದವರೆಗೆ ನನ್ನ ಕರೀಬೇಡಿ," ಎಂದು ಹೇಳಿ ಹೊರಟಳು. ಅವನು ಏನೋ ಹೇಳಲು ಹೋಗಿ ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಜಾಣ.

ಅವಳು ಅಂಗಡಿಯ ಶಟರ್ ಅರ್ಧ ಎತ್ತಿ ಒಳನುಗ್ಗಿದಳು. ಯಾವತ್ತೂ ಗಿರಾಕಿಯ ಕುರ್ಚಿಯಲ್ಲಿ ಕೂತವಳಲ್ಲ, ಅಂದು ಕೂತಳು. ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಮೊದಲು ಆ ಮೂರು ಕೊನೆಗಳನ್ನೂ ಹರಿದಳು. ತಬ್ಬಿಕೊಂಡದ್ದು ಹೋಯಿತು. ಸತ್ತದ್ದು ಹೋಯಿತು. ಔಷಧಿ ಹರಿಯುವಾಗ ಮಾತ್ರ ನಗು ಬಂತು. ಈಗ ತಮ್ಮ ಮತ್ತೆ ಮೆಟ್ಟಿಲ ಮೇಲೆ ನಿಂತಿದ್ದ. "ಏನಪ್ಪಾ, ಏನ್ ಮಾಡ್ತೀಯ?" ಎಂದು ಕೇಳಿದಳು. ಅವನು ಹೇಳಲಿಲ್ಲ. ಅವಳೂ ಬಲವಂತ ಮಾಡಲಿಲ್ಲ, ಪೆನ್ನು ಹಿಡಿದು ಸುಮ್ಮನೆ ಕೂತಳು.

ಹಿಂದಿನ ಕೋಣೆಯಲ್ಲಿ ನಾದಿನಿ ಟವೆಲ್ ಒಗೆಯುತ್ತಿದ್ದಳು. ಬೇಡವೆಂದರೂ ಬಂದಿದ್ದಳು, ಅತ್ತಿಗೆಯನ್ನು ಒಂಟಿಯಾಗಿ ಬಿಡಲು ಅವಳಿಗೆ ಧೈರ್ಯ ಸಾಲಲಿಲ್ಲ. ಒಗೆಯುವಾಗ ಅವಳು ಹಾಡುತ್ತಾಳೆ. ಹಾಡು ಅನ್ನುವುದು ದೊಡ್ಡ ಮಾತು, ರಾಗಕ್ಕೂ ಅವಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅತ್ತಿಗೆಗೆ ಅದು ಅಭ್ಯಾಸವಾಗಿ ಹೋಗಿ ಕಿವಿಗೆ ಬೀಳುತ್ತಲೇ ಇರಲಿಲ್ಲ. ಎಷ್ಟು ಹೊತ್ತಾಯಿತೋ, ಒಮ್ಮೆಲೇ ಏನೋ ಕಮ್ಮಿಯಾದಂತೆ ಅನ್ನಿಸಿತು. ಹಾಡು ನಿಂತಿತ್ತು. ಅತ್ತಿಗೆ ಕಾದಳು. ಮತ್ತೆ ಶುರುವಾಗಲಿಲ್ಲ. ಸೋಪಿನ ನೀರಿಗೆ ಜಾರಿಬಿದ್ದಳೋ ಏನೋ ಎಂದು ಎದ್ದು ಹಿಂದಿನ ಕೋಣೆಗೆ ಧಾವಿಸಿದಳು.

ಬಾಗಿಲಲ್ಲೇ ನಾದಿನಿ ಢಿಕ್ಕಿ ಹೊಡೆದಳು. ಕೈಯಿಂದ ನೊರೆ ಸುರಿಯುತ್ತಿತ್ತು, ಮುಖ ಗಾಬರಿಯಾಗಿತ್ತು.

"ಏನೇ ಆಯ್ತು ನಿಂಗೆ?"

"ನಂಗೇನಾಗಿದೆ? ನಿಮ್ಮ ಗೊಣಗಾಟ ನಿಂತುಹೋಯ್ತಲ್ಲ! ಬರೆಯುವಾಗ ಯಾವಾಗ್ಲೂ ಗೊಣಗ್ತೀರಲ್ಲ ನೀವು, ಎಷ್ಟು ಹೊತ್ತಾದ್ರೂ ಸದ್ದೇ ಇಲ್ಲ. ತಲೆ ಸುತ್ತಿ ಬಿದ್ರೋ ಏನೋ ಅಂತ ಜೀವ ಬಾಯಿಗೆ ಬಂತು."

ಅತ್ತಿಗೆ ಅವಳನ್ನೇ ನೋಡಿದಳು. ನೊರೆಯ ಕೈಗಳನ್ನು ನೋಡಿದಳು. ಆಮೇಲೆ "ಅಯ್ಯಯ್ಯೋ!" ಎಂದು ಚೀರಿ, ನಾದಿನಿಯ ಎರಡೂ ಕೆನ್ನೆ ಹಿಂಡಿ, ಓಡಿಹೋಗಿ ಕುರ್ಚಿಯಲ್ಲಿ ಕೂತು ಬರೆಯತೊಡಗಿದಳು. ಗೊಣಗುತ್ತಲೇ ಬರೆದಳು. ಹಿಂದೆ ಹಾಡು ಮತ್ತೆ ಶುರುವಾಯಿತು, ಮೊದಲಿಗಿಂತಲೂ ಕೆಟ್ಟದಾಗಿ. ಬರೆದು ಮುಗಿಸಿ ಕೆಳಗೊಂದು ಗೆರೆ ಎಳೆದಳು. ಹುಟ್ಟಿದಾಗಿನಿಂದ ಅವಳು ಕಥೆಯ ಕೆಳಗೆ ಎಳೆದ ಮೊದಲ ಗೆರೆ ಅದು.

"ಮುಗೀತಾ? ಓದಿ ಹೇಳಿ!" ಎಂದು ನಾದಿನಿ ಬೆನ್ನು ಹತ್ತಿದಳು.

"ಸಂಜೆ ಕೇಳು. ಎಲ್ಲರ ಜೊತೆ," ಎಂದಳು ಅತ್ತಿಗೆ.

ಲೈಬ್ರರಿಯಲ್ಲಿ ಕಪಾಟುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಯಾವ ವರ್ಷವೂ ಇಲ್ಲದ ಜನ. ಕೈ ಎತ್ತಿದವರೆಲ್ಲ ತಮ್ಮ ಕೈಯ ಫಲ ನೋಡಲು ಬಂದಿದ್ದರು. ಮುಂದಿನ ಸಾಲಿನಲ್ಲಿ ಇಂಜಿನ್ ಅಜ್ಜ, ಮೀಸೆ ಎರಡೂ ಬದಿ ಸಮ, ತೊಡೆಯ ಮೇಲೆ ಮಡಿಸಿದ ಕರ್ಚೀಫು. ಅವರ ಹಿಂದೆ ಹೆಡ್ ಮೇಡಂ ಕೈಕಟ್ಟಿ ಕೂತಿದ್ದರು. ಔಷಧಿ ಅಂಗಡಿಯವನು ಅಂಗಡಿ ಮುಚ್ಚಿ ಬಂದಿದ್ದ. ಗಂಡ ಮಕ್ಕಳನ್ನು ಆಚೀಚೆ ಕೂರಿಸಿಕೊಂಡು ಹಿಂದಿನ ಸಾಲಿನಲ್ಲಿದ್ದ. ಲೈಬ್ರರಿಯನ್ ಹೆಸರು ಕರೆದು, ಕತ್ತು ಉದ್ದ ಮಾಡಿ ಬಾಗಿಲ ಕಡೆ ನೋಡಿದರು, ಈ ಸಲವೂ ಜ್ವರವೇನೋ ಎಂಬಂತೆ. ಅತ್ತಿಗೆ ಪಕ್ಕದಿಂದಲೇ ಎದ್ದು ಬಂದಳು.

ಅವಳು ಹಾಳೆ ಬಿಡಿಸಿ ಓದತೊಡಗಿದಳು. "ಈಗ ಬಿಡುವಾಯ್ತಾ?" ಎಂದು ಅಣ್ಣ ಕೇಳಿದಾಗ ಹಿಂದಿನ ಸಾಲಿನ ಪಿಸುಮಾತೂ ನಿಂತಿತು. ಕೆಮ್ಮು ಕೇಳಿಸದ ಬೆಳಿಗ್ಗೆ ಬಂತು, ತಮ್ಮ ಬಾಗಿಲು ತೆರೆದ, ಮೆಟ್ಟಿಲಿಗೆ ಕಾಲಿಟ್ಟ. ಅಜ್ಜ ಕರ್ಚೀಫು ಬಿಡಿಸಿ ಸಿದ್ಧರಾದರು. ಅತ್ತಿಗೆ ಹಾಳೆ ತಿರುಗಿಸಿ ಓದಿದಳು.

"ತಮ್ಮ ಮೆಟ್ಟಿಲ ನಡುವೆ ನಿಂತು ಕೆಳಗೆ ನೋಡಿದ. ಕೊನೆಯ ಮೆಟ್ಟಿಲ ಮೇಲೆ ಅಣ್ಣ ಕೂತಿದ್ದ. ಕತ್ತೆತ್ತಿ ತಮ್ಮನ ಬಾಗಿಲನ್ನೇ ನೋಡುತ್ತಿದ್ದ. ಅಣ್ಣನಿಗೆ ಆ ದಿನ ಕೆಮ್ಮು ಬಂದಿರಲಿಲ್ಲ, ಅಷ್ಟೇ. ಆದರೆ ಕೆಮ್ಮಿಗೆ ಕಿವಿಗೊಟ್ಟು ತಮ್ಮ ಹಾಸಿಗೆಯಲ್ಲೇ ಉಳಿದದ್ದರಿಂದ ಮೇಲೆ ದಿನಾ ಸ್ನಾನಕ್ಕೆ ಬಕೆಟ್ ಎಳೆಯುವ ಸದ್ದಾಗಿರಲಿಲ್ಲ, ಅದಕ್ಕೇ ಅಣ್ಣ ಗಾಬರಿಯಾಗಿ ಮೆಟ್ಟಿಲಿಗೆ ಬಂದಿದ್ದ. ಇಷ್ಟು ವರ್ಷವೂ ಆ ಸದ್ದು ಕೇಳಿದ ಮೇಲೆಯೇ ಅಣ್ಣ ಹಾಸಿಗೆ ಬಿಟ್ಟೇಳುತ್ತಿದ್ದ ಎಂದು ತಮ್ಮನಿಗೆ ಯಾರು ಹೇಳಬೇಕಿತ್ತು?"

ಅತ್ತಿಗೆ ತಲೆಯೆತ್ತಿದಳು. ಅಜ್ಜನ ಮುಖ ಅರಳಿತ್ತು, ಇನ್ನೇನು ತಬ್ಬಿಕೊಳ್ಳುತ್ತಾರೆ ಎಂದು ಅವರು ಕುರ್ಚಿಯ ಅಂಚಿಗೆ ಬಂದಿದ್ದರು. ಮುಂದಿನ ಸಾಲು ಓದಿದರೆ ಆ ಮುಖ ಬಾಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬದಲಾಯಿಸುವುದು ಎಷ್ಟು ಹೊತ್ತಿನ ಕೆಲಸ? ಒಂದು ಮಾತು, ಒಂದು ಅಪ್ಪುಗೆ, ಎಲ್ಲರೂ ಖುಷಿ. ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅವಳು ಕಣ್ಣನ್ನು ಅಜ್ಜನ ಮುಖದಿಂದ ಕಿತ್ತು ಹಾಳೆಗೆ ತಂದಳು. ಬರೆದದ್ದನ್ನು ಬರೆದ ಹಾಗೇ ಓದಿದಳು.

"ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮಾತು ಇಬ್ಬರ ಗಂಟಲವರೆಗೂ ಬಂತು. ಅಣ್ಣ ಬಾಯಿ ತೆರೆದ. ಕೆಮ್ಮಿದ. ಬೇಕೆಂದೇ, ಮತ್ತೊಮ್ಮೆ ಕೆಮ್ಮಿದ. ತಮ್ಮ ತಿರುಗಿ ಮೆಟ್ಟಿಲು ಹತ್ತಿದ. ಒಳಗೆ ಹೋಗಿ ಬಕೆಟ್ ಎಳೆದ, ಕೆಳಗಿನ ಮನೆಗೆ ಚೆನ್ನಾಗಿ ಕೇಳುವ ಹಾಗೆ."

ಅವಳು ಹಾಳೆ ಮಡಿಸಿದಳು. ಹಿಂದಿನ ಸಾಲಿನಲ್ಲಿ ನಾದಿನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಆಗ ಇಂಜಿನ್ ಅಜ್ಜ ಎದ್ದು ನಿಂತರು. ಮುಖ ಕೆಂಪಾಗಿತ್ತು, ಕರ್ಚೀಫು ಮುದ್ದೆಯಾಗಿತ್ತು.

"ಇದೆಂಥ ಕೊನೆ ಅತ್ತಿಗೆ! ನಾಲ್ಕು ಮೆಟ್ಟಿಲು ಇಳಿದಿದ್ರೆ ಅವನ ಗಂಟೇನು ಹೋಗ್ತಿತ್ತು? ಅಷ್ಟು ಹತ್ರ ಬಂದು ವಾಪಸ್ ಹೋದ್ನಾ? ಬದಲಾಯಿಸು. ನಾವೆಲ್ಲ ಕೈ ಎತ್ತಿದ್ದೀವಿ, ಬದಲಾಯಿಸು ಅದನ್ನ."

"ಇಲ್ಲ ಅಜ್ಜ," ಎಂದಳು ಅತ್ತಿಗೆ. ಎಷ್ಟು ಮೆಲ್ಲಗೆ ಹೇಳಿದಳೋ ಅಷ್ಟೇ ಗಟ್ಟಿಯಾಗಿ. "ಅದು ಹಾಗೇ."

"ಅತ್ತಿಗೆ ಹೇಳಿದ್ದು ಸರಿ ಇದೆ, ಕೂತ್ಕೊಳ್ಳಿ!" ಹಿಂದಿನಿಂದ ಹೆಡ್ ಮೇಡಂ ದನಿ. "ಅಣ್ಣ ಏನಾದ್ರೂ ಮಾತಾಡಿದ್ದಿದ್ರೆ ತಮ್ಮ ಮತ್ತೆ ಹತ್ತು ವರ್ಷ ಮುಖ ತೋರಿಸ್ತಿರ್ಲಿಲ್ಲ. ಅಂಥವರು ನನಗೆ ಗೊತ್ತು."

"ಅಣ್ಣನದೇ ತಪ್ಪು ರೀ. ಹಿರಿಯ ಅವನು, ಒಂದು ಸಲ 'ಬಾ' ಅಂದಿದ್ರೆ?" ಎಂದರು ನಡುವಿನಿಂದ ಯಾರೋ.

"ಕೆಮ್ಮಿದ್ದು ಅಂದ್ರೆ ಏನು ಮತ್ತೆ? 'ಬಾ' ಅಂದ ಹಾಗೇ ಅಲ್ವಾ ಅದು?"

"ಆ ಕೆಮ್ಮಿಗೆ ನಾನಂತೂ ಔಷಧಿ ಕೊಡಲ್ಲ," ಎಂದು ಔಷಧಿ ಅಂಗಡಿಯವನು ಘೋಷಿಸಿದ. "ಕಾಲಿಗೆ ಬಿದ್ರೂ ಕೊಡಲ್ಲ."

ಲೈಬ್ರರಿಯನ್ ಮುಂದಿನವರ ಹೆಸರು ಕೂಗಿದರು, ಯಾರಿಗೂ ಕೇಳಿಸಲಿಲ್ಲ. ಕುರ್ಚಿಗಳು ಹಿಂದುಮುಂದಾದವು, ಜನ ಗುಂಪುಗುಂಪಾಗಿ ವಾದಕ್ಕಿಳಿದರು. ಗಂಡ ಪಕ್ಕದವನ ಹೆಗಲು ಹಿಡಿದು ತಮ್ಮನ ಪರ ವಕಾಲತ್ತು ಮಾಡುತ್ತಿದ್ದ, ಮಕ್ಕಳು ಅಣ್ಣನ ಪಕ್ಷ ಸೇರಿದ್ದರು. ಎಲ್ಲರೂ ಆ ಇಬ್ಬರನ್ನು ಹಿಂದಿನ ಬೀದಿಯಲ್ಲಿ ಬಾಡಿಗೆಗಿರುವವರಂತೆ ಬೈಯುತ್ತಿದ್ದರು, ಮರುಗುತ್ತಿದ್ದರು. ಅತ್ತಿಗೆ ಮಡಿಸಿದ ಹಾಳೆ ಹಿಡಿದು ನಿಂತೇ ಇದ್ದಳು. ಅವಳಿಗೆ ಕುಣಿಯಬೇಕು ಅನ್ನಿಸುತ್ತಿತ್ತು. ಇಷ್ಟು ದಿನ ಯಾವ ಕನ್ನಡಿಯಲ್ಲೂ ಅವಳು ಕಾಣದ ಸಂತೋಷ ಅದು, ಬೇರೆ ಯಾರನ್ನೂ ಕೇಳದೆ ಅವಳೇ ಮಾಡಿದ್ದು.

ಗಲಾಟೆಯ ನಡುವೆ ದಾರಿ ಮಾಡಿಕೊಂಡು ಇಂಜಿನ್ ಅಜ್ಜ ಅವಳ ಹತ್ತಿರ ಬಂದರು. ಸಿಟ್ಟು ಇಳಿದಿತ್ತು. ಕಣ್ಣು ಒರೆಸಿಕೊಂಡು, ಬೇರೆಯವರಿಗೆ ಕೇಳಬಾರದೆಂದು ಅವಳ ಕಿವಿಯ ಹತ್ತಿರ ಬಗ್ಗಿದರು.

"ಹೋಗ್ಲಿ ಬಿಡಮ್ಮಾ. ಬದಲಾಯಿಸ್ಬೇಡ. ಅದೊಂದು ಹೇಳು ನಂಗೆ. ಮಾರನೇ ದಿನ ಏನಾಯ್ತು? ಇಳಿದ್ನಾ ಕೆಳಗೆ?"

"ನಂಗೇನ್ ಗೊತ್ತು ಅಜ್ಜ?" ಎಂದು ಅತ್ತಿಗೆ ನಕ್ಕಳು. "ಅದು ಅವರ ಮನೆ ವಿಷಯ."